ಕಲ್ಲು ತೆಗೆಯುವ ಅಮ್ಮನ ಕ್ರಾಸಿನಿಂದ ಹೊಸಕೋಟೆಗೆ

ನಾವು ದೊಡ್ಡಬಳ್ಳಾಪುರ ಬಿಟ್ಟ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಸ್ಸಿನ ಬೋರ್ಡು ಓದಲು ಅದರ ಮೂತಿಯ ಹತ್ತಿರವೇ ಹೋಗಿ ನಿಲ್ಲಬೇಕಾಯಿತು. ಮಾಗಿಯ ಚಳಿ. ನಾನು, ನಮ್ಮಕ್ಕ ಜಯಕ್ಕ, ಎರಡು ಬ್ಯಾಗು. ಹೋಗಬೇಕಾಗಿದ್ದದ್ದು ಹೊಸಕೋಟೆಯ ಒಂದು ಆಸ್ಪತ್ರೆಗೆ. ದೇವನಹಳ್ಳಿ, ಸೂಲಿಬೆಲೆ ಮೇಲೆ ಹೋದರೆ ಐವತ್ತು ಚಿಲ್ಲರೆ ಕಿಲೋಮೀಟರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಡುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ನಾನು ವಾರ್ಡಿನಲ್ಲಿ ಮಲಗಿರಬೇಕಿತ್ತು. ತಲುಪಿದ್ದು ಸಂಜೆಗೆ, ಜೀವ ಕೈಯಲ್ಲಿ ಹಿಡಿದುಕೊಂಡು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾಚಿಕೊಂಡು ಕೂತರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ನನ್ನ ಹೆಸರು ರತ್ನ. ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ. ಮಗ್ಗದ ಗಲಾಟೆಯಲ್ಲಿ ಕೂಗಿ ಮಾತಾಡಿ ಮಾತಾಡಿ ನನ್ನ ಗಂಟಲು ಹಾಗೇ ಆಗಿಹೋಗಿದೆ. ನಾನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತದೆ ಅಂತ ನಮ್ಮ ಮನೆಯವರು ಆಡಿಕೊಳ್ಳುತ್ತಾರೆ. ಕೆಲವು ವರ್ಷದ ಹಿಂದೆ ಶೆಡ್ಡಿನ ಮೆಟ್ಟಿಲಿನಿಂದ ಬಿದ್ದೆ. ಸೊಂಟದ ಹತ್ತಿರ ನರಕ್ಕೆ ಪೆಟ್ಟಾಯಿತು. ಕಾಲು ಹೇಗೋ ಉಳಿಯಿತು, ಮೂತ್ರದ ಚೀಲ ಕೆಲಸ ಬಿಟ್ಟಿತು. ತುಂಬಿದರೆ ನನಗೆ ಗೊತ್ತಾಗುವುದಿಲ್ಲ, ತಾನಾಗಿ ಖಾಲಿಯೂ ಆಗುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ತೆಳ್ಳನೆಯ ಪೈಪು ಹಾಕಿ ನಾನೇ ತೆಗೆಯಬೇಕು. ಹಾಗಾಗಿ ಎಲ್ಲಿಗೆ ಹೊರಟರೂ ನಾನು ಮೊದಲು ಯೋಚಿಸುವುದು ದಾರಿಯಲ್ಲಿ ಶುದ್ಧವಾದ ಕಕ್ಕಸು ಎಲ್ಲಿದೆ ಅಂತ. ದೇವನಹಳ್ಳಿ ಬಸ್ ನಿಲ್ದಾಣದ್ದು ಪರವಾಗಿಲ್ಲ, ಪೆಟ್ರೋಲ್ ಬಂಕಿನವು ಆ ದಿನ ತೊಳೆದವರ ಮೇಲೆ ಹೋಗುತ್ತವೆ. ಇದನ್ನೆಲ್ಲ ಶೆಡ್ಡಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

ಈ ಚೀಲದ ಕಾಟದಲ್ಲಿ ಬಲಗಡೆಯ ಕಿಡ್ನಿ ಆಗಲೇ ಒಣಗಿದ ಸೀಬೆಕಾಯಿಯ ಹಾಗೆ ಮುದುಡಿದೆ. ಇರುವುದು ಎಡಗಡೆಯದೊಂದೇ. ಅದರಿಂದ ನೀರಿಳಿಯುವ ದಾರಿಗೇ ಕಲ್ಲು ಬಂದು ಕೂತಿದೆ ಅಂತ ಸ್ಕ್ಯಾನಿನಲ್ಲಿ ಗೊತ್ತಾಯಿತು. "ನೋಡಮ್ಮಾ," ಅಂದರು ನಮ್ಮೂರಿನ ಡಾಕ್ಟರು, "ಬೇರೆಯವರಿಗೆ ಕಲ್ಲಾದ್ರೆ ಚೆನ್ನಾಗಿ ನೀರು ಕುಡಿ, ಬಿದ್ದುಹೋಗುತ್ತೆ ಅಂತೀನಿ. ನಿನಗೆ ಹಾಗೆ ಹೇಳಕ್ಕಾಗಲ್ಲ. ಪೈಪು ಹಾಕೋರ ಮೂತ್ರದಲ್ಲಿ ಯಾವಾಗಲೂ ಕ್ರಿಮಿ ಇರುತ್ತೆ. ಇರೋದು ಒಂದೇ ಕಿಡ್ನಿ. ಅದೂ ಕಟ್ಟಿಕೊಂಡ್ರೆ ಕಷ್ಟ. ಗುರುವಾರ ಹೋಗಿ ಅಡ್ಮಿಟ್ ಆಗು."

ಜಯಕ್ಕ ತೂಬಗೆರೆಯ ಹತ್ತಿರ ಹಳ್ಳಿಯಲ್ಲಿ ರೇಷ್ಮೆ ಸಾಕುತ್ತಾಳೆ. ಅಮ್ಮ ಹೋದಮೇಲೆ ನನಗೆ ಅವಳೇ ಅಮ್ಮ. ವಿಷಯ ತಿಳಿದವಳೇ ಓಡಿ ಬಂದಳು. "ಕತ್ತರಿ ಹಾಕಿಸ್ಕೊಳೋಕೆ ಮುಂಚೆ ಒಂದ್ಸಲ ಆ ಅಮ್ಮನ ಹತ್ರ ಹೋಗೋಣ ಕಣೇ. ಹೊಸಕೋಟೆ ದಾರೀಲೇ ಐತೆ. ಬಾಯಲ್ಲಿ ಹೀರಿ ಕಲ್ಲು ತೆಗೀತಾರಂತೆ. ಗುರುವಾರ, ಭಾನುವಾರ ಮಾತ್ರ ನೋಡೋದು. ಒಂದು ಕಾಸು ಮುಟ್ಟಲ್ವಂತೆ," ಅಂದಳು. ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರೆ ಯಾರು ಇಲ್ಲ ಅಂತಾರೆ? ನನಗೂ ಆಪರೇಷನ್ ಅಂದರೆ ಭಯವಿತ್ತು, ಸುಳ್ಳೇಕೆ ಹೇಳಲಿ. ಹೂಂ ಅಂದೆ.

ದೇವನಹಳ್ಳಿ ತಲುಪಿದರೂ ಕೋಟೆಯ ಗೋಡೆ ಕಾಣಲಿಲ್ಲ. ತಲೆಯ ಮೇಲೆ ವಿಮಾನದ ಸದ್ದು ಮಾತ್ರ ಉರುಳುತ್ತಲೇ ಇತ್ತು. ಮಂಜಿಗೆ ಇಳಿಯೋಕಾಗದೆ ಸುತ್ತುತ್ತಾ ಅವೆ ಅಂತ ಟೀ ಅಂಗಡಿಯವನು ಹೇಳಿದ. ಪಕ್ಕದಲ್ಲಿ ಇಡ್ಲಿ ಬೇಯುವ ಘಮ. ಆದರೆ ಆ ಅಮ್ಮನ ಹತ್ತಿರ ಹೋಗುವವರು ಹನಿ ನೀರನ್ನೂ ಕುಡಿಯಬಾರದಂತೆ. ಜಯಕ್ಕನೂ ನನ್ನ ಜೊತೆಗೆ ಉಪವಾಸ. ನಿಲ್ದಾಣದ ಕಕ್ಕಸಿಗೆ ಹೋಗಿ ಪೈಪು ಹಾಕಿದೆ. ಒಂದು ಲೋಟದಷ್ಟು ಬಂತು. ಎಡಗಡೆ ಪಕ್ಕೆಯಲ್ಲಿ ಯಾರೋ ಕೈ ಹಾಕಿ ಹಿಂಡಿದ ಹಾಗೆ ನೋವು. ಸೂಲಿಬೆಲೆ ಕಡೆಯ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡೇ ಕೂತೆ.

ಅರ್ಧ ದಾರಿಯಲ್ಲಿ ಒಂದು ಕ್ರಾಸಿನಲ್ಲಿ ಇಳಿದೆವು. ಊರಿನ ಹೆಸರು ನಾನು ಬರೆಯುವುದಿಲ್ಲ. ಒಂದು ತಗಡಿನ ತಂಗುದಾಣ, ರಸ್ತೆಯಾಚೆ ಪೆಟ್ರೋಲ್ ಬಂಕು, ಒಳಗೆ ಹೋಗುವ ಮಣ್ಣಿನ ದಾರಿ, ಇಷ್ಟೇ. ದಾರಿಯ ಒಂದು ಕಡೆ ದ್ರಾಕ್ಷಿ ತೋಟ, ಮೇಲೆ ಬಿಳಿ ಬಲೆ ಹೊದಿಸಿದ್ದರು. ಇನ್ನೊಂದು ಕಡೆ ಹೊಸ ಬಡಾವಣೆ. ಬಡಾವಣೆ ಅಂದರೆ ಮನೆ ಒಂದೂ ಇಲ್ಲ, ಸೈಟಿನ ಗಡಿಗೆ ನೆಟ್ಟ ಬಿಳಿ ಕಲ್ಲುಗಳು ಸಾಲುಸಾಲಾಗಿ ಮಂಜಿನೊಳಗೆ ಹೋಗುತ್ತಿದ್ದವು. "ಸಮಾಧಿ ಇದ್ದಂಗೆ ಐತಲ್ಲೇ ಅಕ್ಕಾ," ಅಂದೆ. "ಥೂ, ಬಿಡ್ತು ಅನ್ನು," ಅಂದಳು ಅಕ್ಕ.

ಎದುರಿನಿಂದ ಒಬ್ಬ ಗಂಡಸು ಬಂದ. "ಅಣ್ಣಾ, ಕಲ್ಲು ತೆಗೆಯೋ ಅಮ್ಮನ ಮನೆಗೆ ಇದೇ ದಾರೀನಾ?" ಅಂದೆ. ಅವನು ನಿಂತ. ನನ್ನ ಮುಖವನ್ನೇ ನೋಡಿದ. ತುಟಿ ಬಿಗಿ ಹಿಡಿದು ಹೊರಟೇಹೋದ. "ಏನ್ ಕೊಬ್ಬು ನೋಡೇ ಇವನಿಗೆ!" ಅಂತ ಬೈಯುತ್ತಿದ್ದೆ, ಅಷ್ಟರಲ್ಲಿ ಮಂಜಿನಿಂದ ಒಬ್ಬ ಹೆಂಗಸು ಬಂದಳು. ಅವಳೂ ಉತ್ತರ ಕೊಡಲಿಲ್ಲ. ಅವಳ ಹಿಂದೆ ಇನ್ನೂ ನಾಲ್ಕೈದು ಜನ, ಒಬ್ಬರ ಹಿಂದೆ ಒಬ್ಬರು, ಚಪ್ಪಲಿ ಸದ್ದು ಬಿಟ್ಟರೆ ಉಸಿರಿಲ್ಲ. ಎಲ್ಲರ ಬಲಗೈ ಮುಷ್ಟಿ ಕಟ್ಟಿತ್ತು. ಎಲ್ಲರೂ ನಮ್ಮನ್ನು ನೋಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಹಾಡಹಗಲಲ್ಲೇ ಅಕ್ಕನ ಸೆರಗು ಹಿಡಿದುಕೊಂಡೆ.

ಮನೆ ಸಿಕ್ಕಿತು. ಹೆಂಚಿನ ಜಗಲಿಯಲ್ಲಿ ಜನ ಸಾಲಾಗಿ ಕೂತಿದ್ದರು, ಅಲ್ಲೂ ಸದ್ದಿಲ್ಲ. ನಾನು ಜಡೆ ಬಿಟ್ಟುಕೊಂಡು ಹಣೆ ತುಂಬ ಕುಂಕುಮ ಬಳಿದುಕೊಂಡ ಹೆಂಗಸನ್ನು ನೆನೆಸಿಕೊಂಡಿದ್ದೆ. ಈ ಅಮ್ಮ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಕನ್ನಡಕ ಹಾಕಿಕೊಂಡು ಬ್ಯಾಂಕಿನಲ್ಲಿ ಕೆಲಸ ಮಾಡುವವರ ಹಾಗಿದ್ದರು. ದನಿ ಬಹಳ ಮೆತ್ತಗೆ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಕೂಗಾಡುವವರ ಮುಂದೆ ನಾನು ಗಟ್ಟಿ, ಮೆತ್ತಗೆ ಮಾತಾಡುವವರ ಮುಂದೆ ನನ್ನ ಆಟ ನಡೆಯುವುದಿಲ್ಲ.

"ಎಡಗಡೆ," ಅಂದರು, ನಾನು ಹೇಳುವ ಮುಂಚೆಯೇ. ನಾನು ಎಡಪಕ್ಕೆ ಒತ್ತಿ ಹಿಡಿದುಕೊಂಡೇ ಒಳಗೆ ಬಂದಿದ್ದೆ ಅನ್ನುವುದು ಆಗ ಹೊಳೆಯಲಿಲ್ಲ. ಚಾಪೆಯ ಮೇಲೆ ಮಲಗಿಸಿ, ಪಕ್ಕೆಯ ಮೇಲೆ ಒದ್ದೆಯ ಬಿಳಿ ಬಟ್ಟೆ ಹಾಕಿ, ಬಾಗಿ ಅದರ ಮೇಲೆ ಬಾಯಿಟ್ಟರು. ಬಟ್ಟೆಯ ಮೇಲಿಂದಲೂ ತುಟಿ ತಣ್ಣಗಿತ್ತು. ಒಂದು ಸಲ ಜೋರಾಗಿ ಹೀರಿದರು. ಎದ್ದು ತಟ್ಟೆಯಲ್ಲಿದ್ದ ವೀಳ್ಯದೆಲೆಗೆ ಉಗುಳಿದರು. ಟಕ್ ಅಂತ ಸದ್ದಾಯಿತು. ತೊಗರಿಬೇಳೆಯಷ್ಟು ದಪ್ಪದ ಬೂದು ಕಲ್ಲು. ಎಲೆ ಮಡಿಸಿ ನನ್ನ ಬಲಗೈಯಲ್ಲಿಟ್ಟು ಬೆರಳು ಮುಚ್ಚಿಸಿದರು. "ಹೊತ್ತು ಮುಳುಗೋವರೆಗೂ ಕೈ ಬಿಚ್ಚಬೇಡಿ, ಮಾತಾಡಬೇಡಿ. ಮಾತಾಡಿದರೆ ಕಲ್ಲು ಬಂದ ಜಾಗಕ್ಕೇ ಹೋಗಿಬಿಡುತ್ತೆ," ಅಂದರು. ಯಾರಿಗೋ ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದರು.

ಎದ್ದು ನಿಂತೆ. ಜಗಲಿ ಇಳಿದೆ. ನೋವಿಲ್ಲ! ಬೆಳಗಿನಿಂದ ಹಿಂಡುತ್ತಿದ್ದದ್ದು ಎಲ್ಲಿ ಹೋಯಿತೋ, ಪಕ್ಕೆ ಹಗುರ. ಅಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡು ಗಳಗಳ ಅತ್ತುಬಿಟ್ಟಳು. "ನೀನು ಮಾತಾಡಬೇಡ ಕಣೇ ತಾಯಿ, ತಲೆ ಆಡಿಸು ಸಾಕು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಇವತ್ತೊಂದು ದಿನ ಆ ಬಾಯಿಗೆ ಬೀಗ ಹಾಕು. ಇನ್ಯಾಕೆ ಹೊಸಕೋಟೆ? ಮನೆಗೆ ಹೋಗೋಣ," ಅಂದಳು. ನಾನು ತಲೆ ಆಡಿಸಿದೆ. ಮಣ್ಣಿನ ದಾರಿಯಲ್ಲಿ ಹೊಸಬರು ಎದುರಾಗಿ, "ಇದೇ ದಾರೀನಾ ಅಕ್ಕಾ?" ಅಂತ ಕೇಳಿದರು. ನಾನೂ ಅವರ ಮುಖ ನೋಡಿ, ತುಟಿ ಬಿಗಿ ಹಿಡಿದು ಮುಂದೆ ನಡೆದೆ.

ಕ್ರಾಸಿನ ಬಂಕಿನಲ್ಲಿ ಕಕ್ಕಸಿಗೆ ಹೋದೆ. ಒಂದು ಕೈ ಮುಷ್ಟಿ, ಇನ್ನೊಂದರಲ್ಲೇ ಪೈಪು. ಹೊತ್ತು ಬಹಳವಾಗಿತ್ತು, ಚೀಲ ತುಂಬಿರಬೇಕಿತ್ತು. ಬಂದದ್ದು ಎರಡು ಚಮಚದಷ್ಟು. ಮಜ್ಜಿಗೆ ನೀರಿನ ಹಾಗೆ ಕದಡಿ, ಕೆಟ್ಟ ವಾಸನೆ. ಉಪವಾಸವಲ್ಲವೇ, ನೀರು ಕುಡಿದಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆಚೆ ಬರುವಷ್ಟರಲ್ಲಿ ಒಳಗಿನಿಂದ ಚಳಿ ಹತ್ತಿಕೊಂಡಿತು. ಮಂಜು ಕರಗಿ ಬಿಸಿಲು ಬಂದಿತ್ತು, ನನ್ನ ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು. ಅಕ್ಕನಿಗೆ ಹೇಳಬೇಕು. ಹೇಗೆ ಹೇಳಲಿ? ಶಾಲು ಬಿಗಿಯಾಗಿ ಹೊದ್ದುಕೊಂಡೆ. "ಬಿಸಿಲಲ್ಲೂ ಚಳಿಯೇನೇ?" ಅಂತ ನಕ್ಕಳು ಅಕ್ಕ.

ತಂಗುದಾಣದ ಕಲ್ಲುಬೆಂಚಿನ ಮೇಲೆ ಒಂದು ಅಜ್ಜಿ ಕೂತಿತ್ತು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು, ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ನನ್ನ ಮುಷ್ಟಿ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು.

"ತೆಗೆಸ್ಕೊಂಡೇನವ್ವಾ? ಮಾತಾಡಬ್ಯಾಡ, ಮಾತಾಡಬ್ಯಾಡ. ನಾನೂ ಬಾಳ ಸಲ ತೆಗೆಸಿವ್ನಿ. ಎಡಕ್ಕೂ ತೆಗೆದವ್ರೆ, ಬಲಕ್ಕೂ ತೆಗೆದವ್ರೆ. ಎಲ್ಲಾನೂ ಡಬ್ಬೀಲಿ ಇಟ್ಕೊಂಡಿವ್ನಿ." ಸೀರೆಯ ಗಂಟಿನಿಂದ ಕುಂಕುಮದ ಡಬ್ಬಿ ತೆಗೆದು ಅಲ್ಲಾಡಿಸಿತು. ಒಳಗೆ ಗಿಲಿಗಿಲಿ ಅಂತು.

"ಇವತ್ತೂ ತೆಗೆಸಿದ್ರಾ ಅಜ್ಜಿ?" ಅಂದಳು ಅಕ್ಕ.

"ಇಲ್ಲ ಕಣವ್ವಾ. ಇವತ್ತು ಆಯಮ್ಮ ಮುಟ್ಟಿ ನೋಡಿ, ನಿನ್ನಲ್ಲಿ ತೆಗೆಯೋಕೆ ಏನೂ ಉಳಿದಿಲ್ಲ ಹೋಗು ಅಂದ್ಲು." ಅಜ್ಜಿ ನಕ್ಕಿತು. ಅದರ ಉಸಿರಿಗೆ ಉಚ್ಚೆಯ ವಾಸನೆ ಇತ್ತು. "ನಿಜ ಅದು. ಮೊದಮೊದಲು ಏನು ನೋವು ಅಂತೀಯಾ, ಬಿದ್ದು ಒದ್ದಾಡ್ತಿದ್ದೆ. ಈಗ ಒಂದು ಚೂರೂ ಇಲ್ಲ. ನೀರೂ ಬರಲ್ಲ, ನೋವೂ ಇಲ್ಲ. ಹಾಯಾಗಿವ್ನಿ."

ನೀರೂ ಬರಲ್ಲ, ನೋವೂ ಇಲ್ಲ. ಪಕ್ಕೆ ಮುಟ್ಟಿ ನೋಡಿಕೊಂಡೆ. ಅಲ್ಲೂ ನೋವಿಲ್ಲ. ಅಜ್ಜಿ ತನ್ನ ಊದಿದ ಕೈಯನ್ನು ನನ್ನ ಮುಷ್ಟಿಯ ಮೇಲಿಟ್ಟು, "ನಿಂಗೂ ಹಂಗೇ ಆಗ್ತದೆ, ಹೆದರಬ್ಯಾಡ," ಅಂತು. ಅದರ ಹೆಬ್ಬೆರಳಿನ ತುದಿಯಲ್ಲಿ ಹೊಳಪಿತ್ತು, ಚರ್ಮದೊಳಗೆ ನೀರು ನಿಂತ ಹೊಳಪು.

ಅಷ್ಟರಲ್ಲಿ ದೇವನಹಳ್ಳಿ ಕಡೆಗೆ ಹೋಗುವ ಬಸ್ಸು ಬಂತು. ಅಕ್ಕ ಬ್ಯಾಗು ಎತ್ತಿಕೊಂಡು ಹತ್ತಿದಳು, ಬಾಗಿಲಲ್ಲಿ ನಿಂತು ನನಗೆ ಕೈ ಚಾಚಿದಳು. ಹೊತ್ತು ಇನ್ನೂ ನೆತ್ತಿಯಿಂದ ಸ್ವಲ್ಪ ಈಚೆಗೆ ವಾಲಿತ್ತಷ್ಟೇ. ಮುಳುಗುವವರೆಗೆ ಕಾಯೋಣ, ಸಂಜೆ ಮನೆಗೆ ಹೋಗಿ ಹೇಳೋಣ, ಅಷ್ಟರಲ್ಲಿ ಏನಾಗುತ್ತೆ ಅಂತ ಮನಸ್ಸು ಹೇಳುತ್ತಿತ್ತು. ಮಾತಾಡಿದರೆ ಕಲ್ಲು ನಿಜವಾಗಿ ವಾಪಸ್ ಹೋದರೆ ಅಂತಲೂ ಹೇಳುತ್ತಿತ್ತು. ಕಂಡಕ್ಟರು ಸೀಟಿ ಊದಿದ.

"ಅಕ್ಕಾ, ಇಳಿ!" ಅಂದೆ. ಬೆಳಗಿನಿಂದ ಕಟ್ಟಿಟ್ಟ ಗಂಟಲು, ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. "ನಂಗೆ ಚಳಿಜ್ವರ ಬಂದೈತೆ. ನನ್ನ ಕಿಡ್ನಿ ಕಟ್ಕೊಂಡೈತೆ ಕಣೇ. ಹೊಸಕೋಟೆಗೆ ಹೋಗ್ಬೇಕು, ಇಳಿ!"

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಬಾಯಿ ಮುಚ್ಚಬೇಕಾಗಿತ್ತು ಅವಳಿಗೆ. ಬ್ಯಾಗು ಕೆಳಗೆ ಬಿತ್ತು, ಅವಳೂ ಇಳಿದಳು. "ಎಂಥಾ ಕೆಲಸ ಮಾಡ್ಬಿಟ್ಟೆ ರತ್ನಾ, ಎಂಥಾ ಕೆಲಸ ಮಾಡ್ಬಿಟ್ಟೆ," ಅಂತ ಅದನ್ನೇ ಅನ್ನುತ್ತಿದ್ದಳು. ನಾನು ಮುಷ್ಟಿ ಬಿಚ್ಚಿದೆ. ಎಲೆ ಬಾಡಿತ್ತು, ಕಲ್ಲು ಅದರಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಮೋರಿಗೆ ಎಸೆದೆ. "ಅಜ್ಜಿ, ನೀವೂ ಬನ್ನಿ, ಆಸ್ಪತ್ರೆಗೆ ಹೋಗೋಣ," ಅಂತ ಕರೆದೆ. "ನಂಗೇನು ನೋವೈತೆ ಅಂತ ಬರ್ಲಿ? ಮಗ ಇಲ್ಲೇ ಕೂತಿರು ಅಂದವ್ನೆ," ಅಂತು ಅಜ್ಜಿ. ಹೊಸಕೋಟೆ ಬಸ್ಸು ಬಂದು ನಮ್ಮನ್ನು ಹತ್ತಿಸಿಕೊಂಡಾಗಲೂ ಡಬ್ಬಿ ಅಲ್ಲಾಡಿಸುತ್ತಾ ಕೂತಿತ್ತು.

ಆಮೇಲಿನ ದಾರಿ ನನಗೆ ತುಂಡುತುಂಡಾಗಿ ನೆನಪಿದೆ. ಅಕ್ಕನ ತೊಡೆಯ ಮೇಲೆ ತಲೆ. ಸೂಲಿಬೆಲೆಯಲ್ಲಿ ಯಾರೋ ಕೊಟ್ಟ ನೀರು. ಹೊಸಕೋಟೆಯಲ್ಲಿ ಆಟೋ, ರಸ್ತೆ ತುಂಬ ಬಿರಿಯಾನಿಯ ವಾಸನೆ, ವಾಂತಿ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊಟ್ಟೆಗೆ ಜೆಲ್ಲು ಹಚ್ಚಿ ಸ್ಕ್ಯಾನ್ ಮಾಡುತ್ತಾ, ಪರದೆಯನ್ನು ಅಕ್ಕನ ಕಡೆ ತಿರುಗಿಸಿದರು. "ಇಲ್ಲಿದೆ ನೋಡಿ ಕಲ್ಲು. ಹಿಂದಿನ ಸ್ಕ್ಯಾನಿನಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಅದರ ಹಿಂದೆ ಕೀವು ತುಂಬಿದೆ. ನೋವು ನಿಂತಿತು ಅಂತ ಸಂತೋಷಪಡಬೇಡಿ, ಕಿಡ್ನಿ ಸೋತು ಕೈ ಚೆಲ್ಲಿತ್ತು. ರಾತ್ರಿ ಮನೇಲಿ ಕಳೆದಿದ್ದರೆ ಇವರನ್ನ ಉಳಿಸಿಕೊಳ್ಳೋದು ಕಷ್ಟ ಆಗ್ತಿತ್ತು."

ತಕ್ಷಣ ಒಳಗೆ ಕರೆದುಕೊಂಡು ಹೋದರು. ಮೂತ್ರದ ದಾರಿಯಿಂದಲೇ ಮೇಲಕ್ಕೆ ಸಣ್ಣ ಕೊಳವೆಯನ್ನು ಕಲ್ಲಿನ ಪಕ್ಕದಲ್ಲಿ ತೂರಿಸಿ, ಕಟ್ಟಿದ್ದ ಕೀವು ಇಳಿಸಿದರು. ಸ್ಟೆಂಟ್ ಅಂತಾರೆ ಅದಕ್ಕೆ. ಕಲ್ಲನ್ನು ಅವತ್ತು ಮುಟ್ಟಲಿಲ್ಲ. ಸೋಂಕು ಇರುವಾಗ ಕಲ್ಲು ಒಡೆದರೆ ವಿಷ ರಕ್ತಕ್ಕೆ ಏರುತ್ತದಂತೆ, ನನ್ನಂಥ ಚೀಲದವರಿಗೆ ಇನ್ನೂ ಬೇಗ. ಜ್ವರ ಪೂರ್ತಿ ಇಳಿದು, ಮೂತ್ರದ ಪರೀಕ್ಷೆ ಸರಿ ಬಂದಮೇಲೆ ಅದೇ ದಾರಿಯಿಂದ ಲೇಸರ್ ಬಿಟ್ಟು ಪುಡಿ ಮಾಡಿದರು. ಮೈ ಮೇಲೆ ಒಂದು ಗೀರೂ ಇಲ್ಲ. ಅಲ್ಲಿಯವರೆಗೆ ಜ್ವರದಲ್ಲಿ ಕಣ್ಣು ಮುಚ್ಚಿದರೆ ಸಾಕು, ಎಡಪಕ್ಕೆಗೆ ಯಾರೋ ತಣ್ಣನೆಯ ಬಾಯಿ ಇಡುತ್ತಿದ್ದರು. ಮುಷ್ಟಿ ಕಟ್ಟಿಕೊಂಡೇ ಏಳುತ್ತಿದ್ದೆ. ನರ್ಸು ಬಂದು ಬೆರಳು ಬಿಡಿಸುತ್ತಿದ್ದರು.

ಅಕ್ಕ ಹಗಲೆಲ್ಲ ಪಕ್ಕದಲ್ಲೇ ಕೂತಿರುತ್ತಿದ್ದಳು, ನನ್ನ ಮುಖ ನೋಡದೆ. ಒಂದು ದಿನ ಕಿತ್ತಳೆ ಸುಲಿಯುತ್ತಾ ಅಂದಳು: "ಆಯಮ್ಮ ಸರಿಯಾಗೇ ತೆಗೆದಿದ್ರು ಕಣೇ. ನೀನು ಮಾತಾಡಿದ್ದಕ್ಕೆ ವಾಪಸ್ ಹೋಯ್ತು." ಯಾವ ಸ್ಕ್ಯಾನು ತೋರಿಸಿದರೂ ಆ ಮಾತು ಅಳ್ಳಾಡುವುದಿಲ್ಲ. ತೊಳೆಯ ನಾರನ್ನು ಒಂದೊಂದಾಗಿ ಕೀಳುತ್ತಲೇ ಇದ್ದಳು. ಸಾವಿನ ಕಡೆಗೆ ತಂಗಿಯನ್ನು ತಾನೇ ಕರೆದುಕೊಂಡು ಹೋದೆ ಅನ್ನುವುದನ್ನು ಅವಳು ನುಂಗಲಾರಳು ಅಂತ ನನಗೆ ಗೊತ್ತಾಯಿತು. ಪಾಪ ಅನ್ನಿಸಿತು. "ಹೋಗ್ಲಿ ಬಿಡಕ್ಕ," ಅಂದೆ.

ಡಿಸ್ಚಾರ್ಜ್ ಮಾಡಿದ್ದೂ ಒಂದು ಗುರುವಾರವೇ. ಸ್ಟೆಂಟ್ ತೆಗೆಯಲು ಮತ್ತೆ ಬರಬೇಕು. ಸ್ವಲ್ಪ ದಿನ ಪೈಪು ಒಳಗೇ ಇರುತ್ತದೆ, ಕಾಲಿಗೆ ಕಟ್ಟಿದ ಚೀಲಕ್ಕೆ ಮೂತ್ರ ಇಳಿಯುತ್ತಿರುತ್ತದೆ. "ಪೂರ್ತಿ ಖಾಲಿಯಾಗದ ಮೂತ್ರದ ಚೀಲ ನಿಮ್ಮದು, ಮತ್ತೆ ಕಲ್ಲಾಗಬಹುದು. ಈ ಪೈಪು ತೆಗೆದಮೇಲೆ ಮೊದಲಿನ ಹಾಗೇ ಹೊತ್ತುಹೊತ್ತಿಗೆ ಹಾಕಿ, ನೀರು ಕುಡೀರಿ, ಚಳಿ ಬಂದರೆ ಒಂದು ಗಂಟೆಯೂ ಕಾಯಬೇಡಿ," ಅಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಹೋಗಬಹುದು ಅಂದರು. ಕಿಟಕಿ ಪಕ್ಕ ಕೂತೆ. ಸೂಲಿಬೆಲೆಯಲ್ಲಿ ಒಬ್ಬ ಗಂಡ, ಹೆಂಡತಿ ಹತ್ತಿ ನಮ್ಮ ಪಕ್ಕದ ಸೀಟಿನಲ್ಲೇ ಕೂತರು. ಹೆಂಡತಿ ಇನ್ನೂ ಹುಡುಗಿ, ಎಡಗೈಯಿಂದ ಪಕ್ಕೆ ಒತ್ತಿ ಹಿಡಿದಿದ್ದಳು. ಗಂಡ ಕಂಡಕ್ಟರನ್ನು ಕೇಳಿದ: "ಸಾರ್, ಕಲ್ಲು ತೆಗೆಯೋ ಅಮ್ಮನ ಕ್ರಾಸ್ ಬಂದ್ರೆ ಹೇಳ್ತೀರಾ?"

ಅಕ್ಕ ಆ ಕಡೆ ತಿರುಗಿದಳು. "ನಾವೂ ಹೋಗಿದ್ವಿ ಕಣಪ್ಪ. ಚೆನ್ನಾಗಿ ತೆಗೀತಾರೆ. ಒಂದೇ ಒಂದು, ಹೊತ್ತು ಮುಳುಗೋವರೆಗೂ ಬಾಯಿ ಬಿಡಬಾರದು. ಇವಳು ಬಾಯಿ ಬಿಟ್ಟು ಕೆಡಿಸ್ಕೊಂಡ್ಳು."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಹತ್ತಿರ ಏನಾದರೂ ಹೇಳಿಕೊಳ್ಳಲಿ, ಈ ಹುಡುಗಿಯ ಹತ್ತಿರ ಹೇಳುವುದೇ? ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಚೀಲ ತೋರಿಸಿದೆ. ಕಂಡಕ್ಟರು ಮುಖ ಆಚೆಗೆ ತಿರುಗಿಸಿದ. ತಿರುಗಿಸಲಿ!

"ನೋಡವ್ವಾ ಇಲ್ಲಿ. ಇದು ನನ್ನ ಉಚ್ಚೆ. ನಂಗೆ ತಾನಾಗಿ ಬರಲ್ಲ, ವರ್ಷಗಳಿಂದ ಪೈಪು ಹಾಕ್ಕೊಂಡೇ ಬದುಕ್ತಿರೋಳು. ಆಯಮ್ಮ ನನ್ನ ಕೈಗೆ ಒಂದು ಕಲ್ಲು ಕೊಟ್ರು, ಒಳಗಿನ ಕಲ್ಲು ಒಳಗೇ ಇತ್ತು. ನೋವು ನಿಂತಿತ್ತು, ಕೀವು ತುಂಬಿತ್ತು. ಮಾತಾಡಿ ಕೆಟ್ಟೋಳಲ್ಲ ನಾನು, ಮಾತಾಡಿ ಉಳ್ಕೊಂಡೋಳು."

ಹುಡುಗಿ ಮೆಲ್ಲಗೆ ಕೇಳಿದಳು: "ಚಳಿ ಬಂದಿತ್ತಾ ಅಕ್ಕಾ ನಿಮಗೆ?"

"ಬಂದಿತ್ತು. ಬಿಸಿಲಲ್ಲಿ."

ಅವಳು ಸ್ವೆಟರಿನ ಗುಂಡಿ ಹಾಕಿಕೊಂಡಳು. ಹಾಕುವಾಗ ಬೆರಳು ಜಾರಿ ಜಾರಿ ಹೋಗುತ್ತಿದ್ದವು. ಹಲ್ಲು ಕಚ್ಚಿ ಹಿಡಿದಿದ್ದಳು.

ಕ್ರಾಸ್ ಬಂತು. "ಬಾ, ಬಾ, ಜನ ಜಾಸ್ತಿ ಆಗ್ತಾರೆ," ಅಂತ ಗಂಡ ಅವಳ ತೋಳು ಹಿಡಿದು ಇಳಿಸಿದ. ತಂಗುದಾಣದ ಬೆಂಚು ಖಾಲಿ ಇತ್ತು. ಬಸ್ಸು ಹೊರಟಿತು. ನಾನೂ ಅಕ್ಕನೂ ತಿರುಗಿ ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆವು. ಗಂಡ ಮಣ್ಣಿನ ದಾರಿ ಹಿಡಿದು ಮುಂದೆ ಹೋಗುತ್ತಿದ್ದ. ಹುಡುಗಿ ರಸ್ತೆಯ ಅಂಚಿನಲ್ಲೇ ನಿಂತು ಬಸ್ಸನ್ನು ನೋಡುತ್ತಿದ್ದಳು.

ಅಕ್ಕ ಒಂದು ಸಲ ನನ್ನ ಕಾಲಿನ ಚೀಲ ನೋಡಿದಳು. ಆಸ್ಪತ್ರೆಯಲ್ಲಿ ಅಷ್ಟು ದಿನವೂ ಅದರ ಕಡೆ ಕಣ್ಣು ಹಾಕಿದವಳಲ್ಲ. ಆಮೇಲೆ ಎದ್ದು ನಿಂತಳು.

"ನಿಲ್ಲಿಸಪ್ಪಾ ಬಸ್ಸು! ನಿಲ್ಲಿಸೂ!" ಜೋರಾಗಿ ಮಾತಾಡುವವಳೇ ಅಲ್ಲ ನಮ್ಮಕ್ಕ. ಡ್ರೈವರು ಗಾಬರಿಯಾಗಿ ಬ್ರೇಕ್ ಹಾಕಿದ. "ನೀನು ಮನೆಗೆ ಹೋಗು ರತ್ನಾ, ನಿಮ್ಮ ಯಜಮಾನರಿಗೆ ಫೋನ್ ಮಾಡು, ಸ್ಟ್ಯಾಂಡಿಗೆ ಬರಲಿ. ಆ ಹುಡುಗೀನ ನಾನು ಹೊಸಕೋಟೆಗೆ ಕರ್ಕೊಂಡು ಹೋಗ್ತೀನಿ."

"ಅವನು ಒಪ್ತಾನೇನೇ?"

"ಒಪ್ಪದೇ ಇದ್ರೆ ನಾನು ನಿನಗೆ ಏನು ಮಾಡ್ಬಿಟ್ಟಿದ್ದೆ ಅಂತ ಹೇಳ್ತೀನಿ," ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ರಸ್ತೆಯಲ್ಲಿ ಹಿಂದಕ್ಕೆ ಓಡಿದಳು. ಮಂಡಿ ನೋವಿನವಳು, ಕುಂಟುತ್ತಾ ಓಡಿದಳು. ಬಸ್ಸು ತಿರುವು ದಾಟುವಷ್ಟರಲ್ಲಿ ಹುಡುಗಿಯೂ ಅವಳ ಕಡೆಗೆ ನಡೆದು ಬರುತ್ತಿದ್ದಳು.